ಬೀರುವಿನ ಹಿಂದೆ ಸೇರಿಕೊಂಡ ಮೊಲ ಹೊರಗೇ ಬರುತ್ತಿಲ್ಲ, ಏನು ಮಾಡಲಿ?

ಈ ಸಲ ಬಂದ ಪತ್ರಗಳಲ್ಲಿ ಮೊಲದ ಪ್ರಶ್ನೆಗಳೇ ಜಾಸ್ತಿ. ನಾಯಿ, ಬೆಕ್ಕಿನ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆಯವರೆಗೆ ಕಾಯಿರಿ. ಮೈಸೂರಿನ ಪತ್ರ ಉದ್ದವಾಗಿದೆ, ಅದಕ್ಕೆ ನನ್ನ ಉತ್ತರವೂ ಉದ್ದವಾಯಿತು. ಹೊಸದಾಗಿ ಮನೆಗೆ ಬಂದು ಹೆದರಿ ಕೂತ ಮೊಲದ ಬಗ್ಗೆ ಬರೆದ ಇನ್ನೂ ಮೂರ್ನಾಲ್ಕು ಮಂದಿಗೂ ಅದೇ ಉತ್ತರ ಸಲ್ಲುತ್ತದೆ.

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮ ಪರಿಚಯದ ಕೆಲವರು ಸೇರಿ ಒಂದು ಮನೆಯ ಟೆರೇಸಿನಲ್ಲಿ ತಂತಿ ಪಂಜರದಲ್ಲಿದ್ದ ಹನ್ನೊಂದು ಮೊಲಗಳನ್ನು ಬಿಡಿಸಿಕೊಂಡು ಬಂದರು. ಕಾಯಂ ಮನೆ ಸಿಗುವವರೆಗೆ ಒಂದನ್ನು ನೀವು ಇಟ್ಟುಕೊಳ್ಳಿ ಅಂದರು, ಒಪ್ಪಿಕೊಂಡೆ. ಬಿಳೀ ಹೆಣ್ಣು ಮೊಲ, ಕಣ್ಣು ಕೆಂಪು. ಮಗಳು ಬೆಳ್ಳಿ ಅಂತ ಹೆಸರಿಟ್ಟಿದ್ದಾಳೆ. ಬಂದು ಒಂಬತ್ತು ದಿನವಾಯಿತು. ರೂಮಿನ ಬೀರುವಿನ ಹಿಂದೆ ಸೇರಿಕೊಂಡರೆ ಹೊರಗೆ ಬರುವುದೇ ಇಲ್ಲ. ನಾವು ಮಲಗಿದ ಮೇಲೆ ಬಂದು ತಿನ್ನುತ್ತದೆ, ಬೆಳಿಗ್ಗೆ ಎದ್ದರೆ ಹಿಕ್ಕೆ ಕಾಣುತ್ತದೆ. ಮಗಳಿಗೆ ಎಂಟು ವರ್ಷ, ಎತ್ತಿಕೊಳ್ಳುವ ಆಸೆ. ಎರಡು ಸಲ ನಾನೇ ಹಿಡಿದು ಅವಳ ತೊಡೆಯ ಮೇಲಿಟ್ಟೆ, ಒದ್ದು ಪರಚಿ ಓಡಿತು. ಅದಕ್ಕೆ ನಾನಂದ್ರೆ ಇಷ್ಟ ಇಲ್ಲ ಅಂತ ಅಳುತ್ತಾಳೆ. ಕೆಲವು ಸಲ ಬೆಳ್ಳಿ ಕೂತಲ್ಲೇ ತಲೆಯನ್ನು ಆ ಕಡೆ ಈ ಕಡೆ ತೂಗುತ್ತದೆ, ನೋಡಿದರೆ ಭಯವಾಗುತ್ತದೆ. ನಮ್ಮತ್ತೆ ಹಿತ್ತಲಲ್ಲಿ ಬಿಡು, ಆರಾಮಾಗಿರುತ್ತೆ ಅಂತಾರೆ. ನಮ್ಮೆಜಮಾನರು ಜೊತೆಗೆ ಇನ್ನೊಂದು ತರೋಣ ಅಂತಾರೆ. ನಾನೇನು ತಪ್ಪು ಮಾಡ್ತಾ ಇದ್ದೀನಿ?
– ಓದುಗರು, ಮೈಸೂರು

ಉತ್ತರ: ನಿಮ್ಮ ಪತ್ರದಲ್ಲಿ ನಾನು ಮೊದಲು ಹುಡುಕಿದ್ದು ಹಿಕ್ಕೆಯ ವಿಷಯವನ್ನು. ರಾತ್ರಿ ತಿನ್ನುತ್ತದೆ, ಬೆಳಿಗ್ಗೆ ಹಿಕ್ಕೆ ಇರುತ್ತದೆ ಎಂದು ಓದಿದ ಮೇಲೆ ನೆಮ್ಮದಿಯಾಯಿತು. ಬೆಳ್ಳಿ ಹೆದರಿದೆ, ಆದರೆ ಹೊಟ್ಟೆ ಸರಿಯಾಗಿ ನಡೆಯುತ್ತಿದೆ. ಒಂಬತ್ತು ದಿನ ಇಂಥ ಮೊಲಕ್ಕೆ ಏನೇನೂ ಸಾಲದು. ಕೆಲವು ಮೂರೇ ದಿನಕ್ಕೆ ಕಾಲು ಚಾಚಿ ಮಲಗುತ್ತವೆ, ಕೆಲವಕ್ಕೆ ಎರಡು ಮೂರು ತಿಂಗಳು ಬೇಕು.

ಅದರ ಕಡೆಯಿಂದ ಸ್ವಲ್ಪ ಯೋಚಿಸಿ. ತಂತಿ ಪಂಜರದಲ್ಲಿ ನಾಲ್ಕೂ ಕಡೆಯಿಂದ ಕಣ್ಣಿಗೆ ಬೀಳುತ್ತಿದ್ದ ಪ್ರಾಣಿ ಅದು. ಕಾಗೆ ಬಂದು ಮೇಲೆ ಕೂತರೂ, ಬೆಕ್ಕು ಸುತ್ತ ತಿರುಗಿದರೂ, ಯಾರಾದರೂ ಕೈ ಹಾಕಿದರೂ ಓಡಿಹೋಗಲು ಜಾಗವಿರಲಿಲ್ಲ. ಅಡಗಿಕೊಳ್ಳಲು ಒಂದು ಮೂಲೆ ಸಿಕ್ಕಿರುವುದು ಬಹುಶಃ ಇದೇ ಮೊದಲು. ಸಿಕ್ಕಿದ್ದನ್ನು ಬಳಸಿಕೊಳ್ಳುತ್ತಿದೆ, ಅಷ್ಟೇ. ಆ ಸಂದಿಯಿಂದ ಎಳೆದು ತೆಗೆಯುವುದನ್ನು ಇವತ್ತೇ ನಿಲ್ಲಿಸಿ. ಮನೆಯಲ್ಲಿ ಎಲ್ಲರಿಗೂ ಹೇಳಿ, ಬಂದ ನೆಂಟರಿಗೂ ಹೇಳಿ.

ಎತ್ತಿಕೊಳ್ಳುವ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಮೊಲ ಅಂದರೆ ಎತ್ತಿ ಮುದ್ದಾಡುವ ಬೊಂಬೆ ಅಂತಲೇ ಅಂದುಕೊಂಡಿರುತ್ತಾರೆ. ಮೊಲ ಬೇರೆ ಪ್ರಾಣಿಗಳ ಬಾಯಿಗೆ ಬೀಳುವ ಪ್ರಾಣಿ. ಮೇಲಿನಿಂದ ಒಂದು ನೆರಳು ಇಳಿದು ಬಂದು ನೆಲದಿಂದ ಎತ್ತಿತು ಅಂದರೆ ಅದರ ಮಟ್ಟಿಗೆ ಹದ್ದು ಬಂತು ಅಂತಲೇ ಅರ್ಥ. ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತಲೂ, ಮೇಲೆಯೂ, ಹಿಂದೆಯೂ ಕಾಣುತ್ತದೆ, ಆದರೆ ಮೂಗಿನ ನೇರಕ್ಕೆ ಮುಂದೆ ಮತ್ತು ಗದ್ದದ ಕೆಳಗೆ ಒಂದಿಷ್ಟು ಜಾಗ ಕಾಣುವುದಿಲ್ಲ. ನಾಯಿಗೆ ಹಿಡಿಯುವ ಹಾಗೆ ಮೂಸಲಿ ಎಂದು ಮೂಗಿನ ಮುಂದೆ ಕೈ ಚಾಚಿದರೆ ಬೆಚ್ಚಿ ಬೀಳುವುದು ಅದಕ್ಕೇ. ಇನ್ನೊಂದು ವಿಷಯ, ಅದರ ಹಿಂಗಾಲಿಗೆ ಭಾರೀ ಬಲ, ಮೂಳೆಗಳು ಮಾತ್ರ ಹಗುರ. ಹಿಡಿತ ಸರಿಯಿಲ್ಲದಾಗ ಜೋರಾಗಿ ಒದ್ದರೆ ತನ್ನ ಒದೆತಕ್ಕೇ ಸೊಂಟದ ಹತ್ತಿರ ಬೆನ್ನುಮೂಳೆ ಮುರಿದುಕೊಂಡುಬಿಡಬಹುದು, ಆಮೇಲೆ ಹಿಂಗಾಲು ಎರಡೂ ಆಡುವುದಿಲ್ಲ. ಡಾಕ್ಟರ ಹತ್ತಿರ ಒಯ್ಯಲು ಎತ್ತಲೇಬೇಕಾದಾಗ ನೀವೂ ನೆಲದ ಮೇಲೆ ಕೂತು, ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ ಕೊಟ್ಟು, ಮೈಗೆ ಒತ್ತಿಕೊಂಡು ಎತ್ತಿ. ಕಿವಿ ಹಿಡಿದು ಎತ್ತುವುದು ಬೇಡವೇ ಬೇಡ. ಅಂಗಾತ ಮಲಗಿಸಿದರೆ ಸುಮ್ಮನಾಗುತ್ತದೆ ನೋಡಿ ಎಂದು ಯಾರಾದರೂ ತೋರಿಸಿದರೆ ನಂಬಬೇಡಿ, ಅದು ಭಯಕ್ಕೆ ಮರಗಟ್ಟಿ ಬಿದ್ದಿರುತ್ತದೆ.

ತಲೆ ತೂಗುವುದಕ್ಕೆ ಹೆದರಬೇಡಿ. ಕೆಂಪು ಕಣ್ಣಿನ ಬಿಳೀ ಮೊಲಗಳಿಗೆ ದೃಷ್ಟಿ ಸ್ವಲ್ಪ ಕಮ್ಮಿ. ಎದುರಿಗಿರುವುದು ಎಷ್ಟು ದೂರದಲ್ಲಿದೆ ಎಂದು ಅಂದಾಜು ಮಾಡಲು ತಲೆಯನ್ನು ನಿಧಾನವಾಗಿ ಪಕ್ಕಕ್ಕೆ ತೂಗಿ ನೋಡುತ್ತವೆ. ನಿಮ್ಮನ್ನು ಸರಿಯಾಗಿ ನೋಡಲು ಪ್ರಯತ್ನ ಪಡುತ್ತಿದೆ ಅಂದುಕೊಳ್ಳಿ. ತಲೆ ಒಂದೇ ಕಡೆಗೆ ವಾಲಿಕೊಂಡು ನಿಂತುಬಿಟ್ಟರೆ ಅಥವಾ ಮೈ ಆಯ ತಪ್ಪಿದರೆ ಮಾತ್ರ ಅದು ಕಾಯಿಲೆ, ತಡ ಮಾಡದೆ ತೋರಿಸಬೇಕು. ಇಂಥ ಕಣ್ಣಿಗೆ ಜೋರು ಬೆಳಕೂ ಆಗುವುದಿಲ್ಲ. ಸಂಜೆ ಆ ರೂಮಿನಲ್ಲಿ ಟ್ಯೂಬ್‌ಲೈಟ್ ಆರಿಸಿ ಒಂದು ಸಣ್ಣ ಬಲ್ಬ್ ಹಾಕಿ ನೋಡಿ, ಅಷ್ಟಕ್ಕೇ ಒಂದು ಹೆಜ್ಜೆ ಮುಂದೆ ಬಂದರೂ ಬಂದೀತು.

ನೆಲ ಎಂಥದ್ದು ಎಂದು ನೀವು ಬರೆದಿಲ್ಲ. ನುಣುಪಾದ ಟೈಲ್ಸ್ ಆಗಿದ್ದರೆ ಅರ್ಧ ಸಮಸ್ಯೆ ಅಲ್ಲೇ ಇರಬಹುದು. ಮೊಲದ ಪಾದದಡಿ ನಾಯಿಗಿರುವ ಹಾಗೆ ಮೆತ್ತೆ ಇಲ್ಲ, ಬರೀ ಕೂದಲು. ಟೈಲ್ಸ್ ಮೇಲೆ ಕಾಲಿಟ್ಟರೆ ಜಾರುತ್ತದೆ, ಜಾರಿದರೆ ಓಡಲು ಆಗುವುದಿಲ್ಲ, ಓಡಲು ಆಗದ ಜಾಗಕ್ಕೆ ಹೆದರಿದ ಮೊಲ ಕಾಲಿಡುವುದಿಲ್ಲ. ಬೀರುವಿನಿಂದ ಹುಲ್ಲಿನ ತಟ್ಟೆಯವರೆಗೆ ಒಂದು ಹಳೇ ಜಮಖಾನ ಹಾಸಿ. ನೂಲು ಕಿತ್ತು ನುಂಗುತ್ತಿದೆಯಾ ಅಂತ ಒಂದು ಕಣ್ಣಿಟ್ಟಿರಿ.

ಈಗ ಬೀರು. ಆ ಸಂದಿಯಲ್ಲಿ ವೈರು ಗಿಯರು ಇದ್ದರೆ ಕಡಿಯುತ್ತದೆ, ಹುಷಾರು ತಪ್ಪಿದರೆ ನಿಮಗೆ ಗೊತ್ತಾಗುವುದೂ ಇಲ್ಲ. ಹಾಗಂತ ಏಕಾಏಕಿ ಮುಚ್ಚಬೇಡಿ. ದೊಡ್ಡದೊಂದು ರಟ್ಟಿನ ಡಬ್ಬ ತನ್ನಿ, ಪ್ಲಾಸ್ಟಿಕ್ ಟೇಪು, ಪಿನ್ನು ಎಲ್ಲ ಕಿತ್ತು ಹಾಕಿ. ಎದುರು ಬದುರಾಗಿ ಎರಡು ಬಾಗಿಲು ಕತ್ತರಿಸಿ. ಎರಡು ಯಾಕೆಂದರೆ ಒಂದೇ ಬಾಗಿಲಿನ ಬಿಲ ಮೊಲಕ್ಕೆ ಬೋನಿನ ಹಾಗೆ. ಡಬ್ಬವನ್ನು ಸಂದಿಯ ಬಾಯಿಗೇ ತಾಗಿಸಿ ಇಡಿ, ಒಳಗೆ ಹುಲ್ಲು ಹಾಕಿ, ಅದರ ನಾಲ್ಕು ಹಿಕ್ಕೆಯನ್ನೂ ಹಾಕಿ, ತನ್ನದೇ ವಾಸನೆ ಇದ್ದರೆ ಅದು ತನ್ನ ಜಾಗ ಅನ್ನಿಸುತ್ತದೆ. ನಾಲ್ಕೈದು ದಿನ ಡಬ್ಬದೊಳಗೆ ಮಲಗಿದ ಗುರುತು ಕಂಡ ಮೇಲೆ, ಅದು ಹೊರಗೆ ತಿನ್ನುತ್ತಿರುವ ಹೊತ್ತು ನೋಡಿ, ಸಂದಿಗೆ ಒಂದು ಹಲಗೆ ಅಡ್ಡ ಕೊಡಿ. ಡಬ್ಬವನ್ನು ಮಾತ್ರ ಅಲ್ಲಿಂದ ಕದಲಿಸಬೇಡಿ. ಅದು ಒಳಗಿದ್ದಾಗ ಯಾರೂ ಕೈ ಹಾಕಬಾರದು. ಇದೊಂದನ್ನು ಮುರಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಇದನ್ನು ಕಲಿಯಲು ನನಗೆ ಒಂದು ಮೊಲದ ನೆಮ್ಮದಿ ಖರ್ಚಾಯಿತು. ಮೊದಲನೇ ಸಲ ಮನೆಗೆ ಬಂದ ಮೊಲವನ್ನು ದಿನಕ್ಕೆ ನಾಲ್ಕು ಸಲ ಮಂಚದಡಿಯಿಂದ ತೆಗೆದು ಮಡಿಲಲ್ಲಿ ಕೂರಿಸಿಕೊಳ್ಳುತ್ತಿದ್ದೆ, ಪ್ರೀತಿ ಗೊತ್ತಾಗಲಿ ಅಂತ. ಆರನೇ ದಿನ ಅದು ತಿನ್ನುವುದನ್ನೇ ಬಿಟ್ಟಿತು. ಎರಡು ರಾತ್ರಿ ಔಷಧ ಕೊಟ್ಟು, ಸಿರಿಂಜಿನಲ್ಲಿ ತಿನ್ನಿಸಿ ಉಳಿಸಿಕೊಂಡೆವು. ಆಮೇಲೆ ಬಂದ ಕಂದು ಮೊಲವನ್ನು ನಾನಾಗಿ ಮುಟ್ಟಲೇ ಇಲ್ಲ. ದಿನಾ ಸಂಜೆ ಅದರ ರೂಮಿನ ನೆಲದ ಮೇಲೆ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆ, ಅದರ ಕಡೆಗೆ ನೇರ ನೋಡದೆ, ಅರ್ಧ ಬೆನ್ನು ತಿರುಗಿಸಿ. ಮೊದಲ ವಾರ ಡಬ್ಬದೊಳಗಿಂದ ಹಿಂಗಾಲು ನೆಲಕ್ಕೆ ಬಡಿಯುವ ಧಪ್ ಸದ್ದು ಮಾತ್ರ, ಅದು ಅಪಾಯ ಎಂದು ಸಾರುವ ಸದ್ದು. ಎರಡನೇ ವಾರ ಮೂಗು ಕಂಡಿತು. ಇಪ್ಪತ್ತನಾಲ್ಕನೇ ದಿನ ಕಾಲ್ಬೆರಳ ಮೇಲೆ ಏನೋ ಗಾಳಿ ಆಡಿದ ಹಾಗಾಯಿತು. ಮೀಸೆ. ಉಸಿರು ಬಿಗಿಹಿಡಿದು ಕೂತೆ. ಕಾಲುಂಗುರವನ್ನು ಮೂಸಿ, ಅದಕ್ಕೆ ಗದ್ದ ಉಜ್ಜಿ, ಒಂದು ಕಡ್ಡಿ ಕೊತ್ತಂಬರಿ ಎಳೆದುಕೊಂಡು ಓಡಿತು. ಮೊಲದ ಗದ್ದದ ಕೆಳಗೆ ವಾಸನೆಯ ಗ್ರಂಥಿ ಇದೆ, ಹಾಗೆ ಉಜ್ಜಿದರೆ ಇದು ನನ್ನದು ಎಂದು ಗುರುತು ಹಾಕಿದ ಹಾಗೆ.

ನೀವೂ ಹಾಗೇ ಮಾಡಿ. ಮೊಲ ಚುರುಕಾಗಿರುವುದು ಬೆಳಗಿನ ಜಾವ ಮತ್ತು ಮುಸ್ಸಂಜೆ. ಸಂಜೆ ಆರೂವರೆಗೆ, ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಅರ್ಧ ಗಂಟೆ ಕೂತರೆ ಸಾಕು. ಒಳಗೆ ಬರುವಾಗ ಒಂದೇ ಮಾತು, ಒಂದೇ ದನಿಯಲ್ಲಿ ಹೇಳಿ. ಸೊಪ್ಪನ್ನು ಮೊದಲು ದೂರ ಇಡಿ, ದಿನದಿನಕ್ಕೆ ಒಂದೊಂದು ಗೇಣು ಹತ್ತಿರ ತನ್ನಿ. ಅದಾಗಿ ಬಂದು ನಿಮ್ಮನ್ನು ಮೂಗಿನಿಂದ ನೂಕಿದ ಮೇಲೆ, ಪಕ್ಕದಿಂದ ಕೈ ತಂದು ಹಣೆಯ ಮೇಲೆ, ಎರಡು ಕಣ್ಣಿನ ಮಧ್ಯದಿಂದ ಕಿವಿಯ ಬುಡದವರೆಗೆ ಒಂದೇ ಒಂದು ಸಲ ಸವರಿ ಕೈ ತೆಗೆದುಬಿಡಿ. ತಲೆ ತಗ್ಗಿಸಿ ಅಲ್ಲೇ ಕೂತರೆ ಇನ್ನೊಂದು ಸಲ. ಮೂಗನ್ನು ನೋಡುತ್ತಿರಿ, ಗಾಬರಿಯಲ್ಲಿ ಪಟಪಟ ಆಡುತ್ತದೆ, ನಿರಾಳವಾದ ಹಾಗೆ ನಿಧಾನವಾಗುತ್ತದೆ. ಸವರುವಾಗ ಹಲ್ಲು ಮೆಲ್ಲಗೆ ಕಟಕಟ ಅಂದರೆ ಸಂತೋಷಕ್ಕೆ. ಮುದುಡಿ ಕೂತು ಜೋರಾಗಿ ಹಲ್ಲು ಕಡಿದರೆ ನೋವು. ಒಂದು ದಿನ ದಢಕ್ಕನೆ ಪಕ್ಕಕ್ಕೆ ಉರುಳಿ ಬಿದ್ದು ಮಲಗುತ್ತದೆ, ಏನಾಯಿತೋ ಎಂದು ನಿಮ್ಮ ಎದೆ ಧಸಕ್ಕೆನ್ನುತ್ತದೆ, ಅದು ಪೂರ್ತಿ ನಂಬಿಕೆ ಬಂದಾಗ ಮಲಗುವ ರೀತಿ.

ಮಗಳಿಗೆ ಒಂದು ಕೆಲಸ ಕೊಡಿ. ದಿನಾ ಬೆಳಿಗ್ಗೆ ಹಿಕ್ಕೆ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಕಡಲೆಕಾಳಿನ ಗಾತ್ರ, ಗುಂಡಗೆ, ಒಡೆದರೆ ಒಳಗೆ ಹುಲ್ಲಿನ ಪುಡಿ, ಹಾಗಿದ್ದರೆ ಚೆನ್ನಾಗಿದೆ ಅಂತ. ಸಣ್ಣದಾಗುತ್ತಾ ಬಂದರೆ ಅಮ್ಮನಿಗೆ ಹೇಳಬೇಕು ಅಂತ. ದ್ರಾಕ್ಷಿ ಗೊಂಚಲಿನ ಹಾಗೆ ಮೆತ್ತಗಿನದು ಕಂಡರೆ ಹೇಸಬೇಡಿ, ಅದನ್ನು ಮೊಲ ಮತ್ತೆ ತಿನ್ನಬೇಕು, ಅದರಲ್ಲಿ ಸತ್ವ ಇರುತ್ತದೆ. ನೆಲದ ಮೇಲೆ ಮಲಗಿ ಮೆಲ್ಲಗೆ ತನ್ನ ಪಾಠ ಓದುವುದೂ ಅವಳ ಕೆಲಸ. ಬೆಳ್ಳಿಗೆ ಅವಳ ದನಿ ಅಭ್ಯಾಸವಾಗುತ್ತದೆ. ಅವಳಿಗೆ ನಿಜ ಹೇಳಿ: ಬೆಳ್ಳಿಗೆ ನಿನ್ನ ಮೇಲೆ ಕೋಪ ಇಲ್ಲ, ಎತ್ತಿದರೆ ಭಯ, ದೊಡ್ಡವರು ಎತ್ತಿದರೂ ಭಯ. ಮಕ್ಕಳಿಗೆ ಇದು ನಮಗಿಂತ ಬೇಗ ಅರ್ಥವಾಗುತ್ತದೆ.

ಊಟದಲ್ಲಿ ಹುಲ್ಲೇ ಮುಖ್ಯ, ನೂರಕ್ಕೆ ಎಂಬತ್ತು ಪಾಲಾದರೂ ಹುಲ್ಲಿರಬೇಕು. ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದರೇ ಅದು ಸವೆಯುವುದು. ಮೊಲಕ್ಕೆಂದು ಮಾರುವ ಟಿಮೊಥಿ ಎಂಬ ಒಣ ಹುಲ್ಲು ದುಬಾರಿ ಅನ್ನಿಸಿದರೆ ಗರಿಕೆ ತುಂಬಾ ಒಳ್ಳೆಯದು. ಗಣೇಶನ ಹಬ್ಬಕ್ಕೆ ಕಟ್ಟುಕಟ್ಟಾಗಿ ಸಿಗುತ್ತದಲ್ಲ, ಅದೇ. ಔಷಧ ಹೊಡೆಯದ, ನಾಯಿ ಓಡಾಡದ ಜಾಗದ್ದನ್ನು ತೊಳೆದು ಹಾಗೇ ಕೊಡಿ, ಒಂದಷ್ಟನ್ನು ನೆರಳಲ್ಲಿ ಒಣಗಿಸಿಡಿ. ಹಸಿರು ಹುಲ್ಲು ತಿಂದು ಅಭ್ಯಾಸವಿಲ್ಲದ ಮೊಲಕ್ಕೆ ಸ್ವಲ್ಪ ಸ್ವಲ್ಪದಿಂದ ಶುರು ಮಾಡಿ. ಕುದುರೆ ಮಸಾಲೆ ಸೊಪ್ಪಿನಲ್ಲಿ ಸುಣ್ಣದ ಅಂಶ ಜಾಸ್ತಿ, ಮರಿಗಳಿಗೆ ಸರಿ, ದೊಡ್ಡವಕ್ಕೆ ದಿನಾ ಬೇಡ. ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪು ಕೊಡಬಹುದು. ಕ್ಯಾರೆಟ್‌ನಲ್ಲಿ ಸಕ್ಕರೆ ಇದೆ, ವಾರಕ್ಕೆ ಎರಡು ಬಿಲ್ಲೆ ಸಾಕು. ಅನ್ನ, ಬ್ರೆಡ್ಡು, ಬಿಸ್ಕತ್ತು, ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಕೊಡಲೇಬೇಡಿ. ಮನಿಪ್ಲಾಂಟ್ ಬಳ್ಳಿ ಎಟುಕದ ಹಾಗೆ ಎತ್ತಿಡಿ.

ಒಂದು ವಿಷಯದಲ್ಲಿ ಮಾತ್ರ ತಾಳ್ಮೆ ಬೇಡ. ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ನಾಳೆ ನೋಡೋಣ ಅನ್ನಬೇಡಿ. ಮೊಲಕ್ಕೆ ವಾಂತಿ ಆಗುವುದಿಲ್ಲ. ಹೊಟ್ಟೆ ನಿಂತರೆ ಒಂದೆರಡು ದಿನದಲ್ಲಿ ಜೀವ ಹೋಗಬಹುದು. ರಾತ್ರಿಯಾದರೂ ಸರಿ, ಡಾಕ್ಟರಿಗೆ ಫೋನ್ ಮಾಡಿ.

ಅತ್ತೆಯವರು ಅದರ ಮೇಲಿನ ಕರುಣೆಯಿಂದಲೇ ಹೇಳಿದ್ದಾರೆ. ಆದರೆ ಹಿತ್ತಲಲ್ಲಿ ಬೆಕ್ಕು, ಮುಂಗುಸಿ, ನಾಯಿ, ಹದ್ದು ಎಲ್ಲ ಇರುತ್ತವೆ. ಪಂಜರದಲ್ಲಿ ಹುಟ್ಟಿದ ಬಿಳೀ ಮೊಲಕ್ಕೆ ಬಣ್ಣವೇ ಶತ್ರು, ದೂರದಿಂದ ಕಾಣುತ್ತದೆ. ಜೊತೆಗಾರ ಬೇಕು ಎನ್ನುವುದೂ ನಿಜ, ಮೊಲ ಗುಂಪಿನಲ್ಲಿ ಬಾಳುವ ಪ್ರಾಣಿ, ಆದರೆ ಈಗಲ್ಲ. ಪರಿಚಯವಿಲ್ಲದ ಎರಡು ಮೊಲಗಳನ್ನು ಒಟ್ಟಿಗೆ ಬಿಟ್ಟರೆ ರಕ್ತ ಬರುವ ಹಾಗೆ ಕಚ್ಚಾಡುತ್ತವೆ. ಗಂಡು ಹೆಣ್ಣು ಗುರುತಿಸುವುದರಲ್ಲೂ ಎಷ್ಟೋ ಸಲ ತಪ್ಪಾಗುತ್ತದೆ. ಹನ್ನೊಂದು ಮೊಲ ಒಂದೇ ಕಡೆ ಇದ್ದವು ಅಂದಿರಲ್ಲ, ಬೆಳ್ಳಿ ಬಸುರಿಯೇ ಆಗಿರಬಹುದು. ಮೊಲದ ಬಸಿರು ಮೂವತ್ತು ಮೂವತ್ತೊಂದು ದಿನ. ಬಾಯಲ್ಲಿ ಹುಲ್ಲು ತುಂಬಿಕೊಂಡು ಓಡಾಡುವುದು, ತನ್ನ ಎದೆಯ ಕೂದಲನ್ನೇ ಕಿತ್ತು ಗೂಡು ಮಾಡುವುದು ಕಂಡರೆ ಆ ಮೂಲೆಯನ್ನು ಮುಟ್ಟಬೇಡಿ, ನಿಮಗೆ ಮೊಲ ಕೊಟ್ಟವರಿಗೆ ತಿಳಿಸಿ. ಮರಿ ಹಾಕಿದರೆ ತಾಯಿ ದಿನಕ್ಕೆ ಒಂದೆರಡು ಸಲ ಮಾತ್ರ, ಕೆಲವೇ ನಿಮಿಷ ಹಾಲು ಕೊಡುತ್ತದೆ. ಮರಿಗಳನ್ನು ಬಿಟ್ಟುಬಿಟ್ಟಿದೆ ಎಂದು ಗಾಬರಿಯಾಗಬೇಡಿ. ಆ ತಿಂಗಳು ಕಳೆದು, ಮೈ ಕೈ ತುಂಬಿಕೊಂಡ ಮೇಲೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸುವ ಬಗ್ಗೆ ಡಾಕ್ಟರನ್ನು ಕೇಳಿ. ಮಾಡಿಸದ ಹೆಣ್ಣು ಮೊಲಗಳಿಗೆ ವಯಸ್ಸಾದ ಹಾಗೆ ಗರ್ಭಕೋಶದ ಕ್ಯಾನ್ಸರ್ ಬರುವುದು ತುಂಬಾ ಸಾಮಾನ್ಯ.

ನೀವು ಮಾಡಿದ ತಪ್ಪು ಆ ಎರಡು ಸಲ ಎತ್ತಿದ್ದು, ಅಷ್ಟೇ. ಅದೂ ಪ್ರೀತಿಗೆ ಮಾಡಿದ್ದು. ಬೆಳ್ಳಿ ಮೊದಲ ಸಲ ನಿಮ್ಮೆದುರು ಬಂದು ಹುಲ್ಲು ತಿಂದ ದಿನ ನನಗೊಂದು ಕಾರ್ಡು ಬರೆಯಿರಿ.

ಪ್ರಶ್ನೆ: ಮೊಲದ ಉಚ್ಚೆ ಕೆಂಪಗೆ ಬರ್ತಾ ಇದೆ. ರಕ್ತ ಅನ್ಕೊಂಡು ರಾತ್ರಿ ಪೂರ್ತಿ ನಿದ್ದೆ ಇಲ್ಲ. ತಿನ್ನೋದು ಆಡೋದು ಎಲ್ಲ ಸರಿ ಇದೆ.
– ಹುಬ್ಬಳ್ಳಿ

ಉತ್ತರ: ತಿಂದ ಸೊಪ್ಪಿನ ಬಣ್ಣದಿಂದ ಮೊಲದ ಉಚ್ಚೆ ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು ಹೀಗೆ ಹೇಗೆ ಬೇಕಾದರೂ ಬರಬಹುದು. ಒಂದೇ ಸಮ ಕೆಂಪಾಗಿದ್ದರೆ ಹೆಚ್ಚಾಗಿ ಅದೇ ಕಾರಣ, ಒಂದೆರಡು ದಿನದಲ್ಲಿ ಹೋಗುತ್ತದೆ. ಉಚ್ಚೆಯ ಮಧ್ಯೆ ಮಧ್ಯೆ ಕೆಂಪು ಗೆರೆ ಅಥವಾ ಗಂಟು ಕಂಡರೆ, ಮುಕ್ಕಿ ಮುಕ್ಕಿ ಹೊಯ್ದರೆ, ಹೆಣ್ಣಾಗಿದ್ದು ಆಪರೇಷನ್ ಆಗಿರದಿದ್ದರೆ ಪರೀಕ್ಷೆ ಮಾಡಿಸಿಬಿಡಿ. ಒಂದು ಹನಿ ಕೊಟ್ಟರೆ ರಕ್ತವೋ ಬಣ್ಣವೋ ಎಂದು ಕಡ್ಡಿ ಅದ್ದಿ ಹೇಳುತ್ತಾರೆ.

ಪ್ರಶ್ನೆ: ಮೊಲದ ಕಿವಿಯ ಒಳಗೆ ದಪ್ಪ ಹೆಕ್ಕಳೆ ಕಟ್ಟಿದೆ, ಕೆರೆದುಕೊಳ್ಳುತ್ತಾ ಇರುತ್ತದೆ. ನಮ್ಮ ನಾಯಿಗೆ ತಂದಿದ್ದ ಉಣ್ಣಿ ಔಷಧ ಮನೆಯಲ್ಲೇ ಇದೆ, ಎರಡು ಹನಿ ಹಾಕಬಹುದಾ? ಸ್ನಾನ ಮಾಡಿಸಿದರೆ ಹೋಗುತ್ತಾ?
– ದಾವಣಗೆರೆ

ಉತ್ತರ: ಬೇಡ, ದಯವಿಟ್ಟು ಬೇಡ. ನಾಯಿಯ ಎಷ್ಟೋ ಉಣ್ಣಿ ಔಷಧಗಳಲ್ಲಿ ಫಿಪ್ರೊನಿಲ್ ಎನ್ನುವುದು ಇರುತ್ತದೆ, ಅದು ಮೊಲಕ್ಕೆ ವಿಷ. ನಮ್ಮ ಮನೆಗೆ ಬಂದ ಒಂದು ಪುಟ್ಟ ಮೊಲಕ್ಕೆ ಒಂದು ಕ್ಲಿನಿಕ್‌ನಲ್ಲಿ ಅದನ್ನೇ ಹಾಕಿ ಕಳಿಸಿದ್ದರು. ಮರುದಿನ ಸೆಳೆತ ಶುರುವಾಯಿತು. ಅದು ಉಳಿಯಲಿಲ್ಲ. ಈ ಸಾಲು ಬರೆಯುವಾಗಲೂ ಅದರ ಕಿವಿ ಕೈಯಲ್ಲಿ ತಣ್ಣಗಾದದ್ದು ನೆನಪಾಗುತ್ತದೆ. ಆವತ್ತಿನಿಂದ ಯಾವ ಔಷಧವಾದರೂ, ಯಾರು ಕೊಟ್ಟರೂ, ಇದರ ಹೆಸರೇನು, ಮೊಲಕ್ಕೆ ಆಗುತ್ತದಾ ಅಂತ ಕೇಳಿಯೇ ಕೇಳುತ್ತೇನೆ. ನೀವೂ ಕೇಳಿ. ಬಾಯಿಗೆ ಹಾಕುವ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಕೂಡ ಹಾಗೇ, ನಮಗೂ ನಾಯಿಗೂ ನಡೆಯುತ್ತದೆ, ಮೊಲದ ಹೊಟ್ಟೆಯನ್ನು ಹಾಳು ಮಾಡಿಬಿಡುತ್ತದೆ.

ನೀವು ಬರೆದ ಲಕ್ಷಣ ಕಜ್ಜಿ ಹುಳದ ಹಾಗಿದೆ. ಹೆಕ್ಕಳೆ ಕೀಳಬೇಡಿ, ಅಡಿಯಲ್ಲಿ ಹಸಿ ಮಾಂಸ ಇರುತ್ತದೆ. ಪಶುವೈದ್ಯರು ತೂಕ ನೋಡಿ ಔಷಧ ಕೊಡುತ್ತಾರೆ, ಒಂದೆರಡು ವಾರ ಬಿಟ್ಟು ಮತ್ತೆ ಕೊಡಬೇಕಾಗುತ್ತದೆ, ಹೆಕ್ಕಳೆ ತಾನಾಗಿ ಉದುರುತ್ತದೆ. ನಿಮ್ಮೂರಲ್ಲಿ ಮೊಲ ನೋಡುವವರು ಸಿಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೋಗಿಬನ್ನಿ. ಬೆಂಗಳೂರಿನವರಿಗೆ ಹೆಬ್ಬಾಳದ ಕಾಲೇಜು ಇದೆ. ಸ್ನಾನ ಮಾತ್ರ ಬೇಡ. ಒದ್ದೆಯಾದರೆ ಮೈ ಬೇಗ ತಣ್ಣಗಾಗುತ್ತದೆ, ಗಾಬರಿಗೇ ಸತ್ತುಹೋದದ್ದೂ ಉಂಟು.

ಪ್ರಶ್ನೆ: ನಮ್ಮಲ್ಲಿ ಬೇಸಿಗೆ ನಿಮಗೆ ಗೊತ್ತಲ್ಲ. ಫಾಸ್ಟರ್‌ಗೆ, ಅಂದ್ರೆ ಕಾಯಂ ಮನೆ ಸಿಗುವವರೆಗೆ ಇಟ್ಟುಕೊಳ್ಳೋಕೆ, ಮೊಲ ತಗೋಬೇಕಂತ ಆಸೆ ಇದೆ, ಎಸಿ ಇಲ್ಲ.
– ಕಲಬುರಗಿ

ಉತ್ತರ: ಏಪ್ರಿಲ್, ಮೇ ಬಿಟ್ಟು ತೆಗೆದುಕೊಳ್ಳಿ ಎಂದೇ ನನ್ನ ಸಲಹೆ. 28 ಡಿಗ್ರಿ ದಾಟಿದರೆ ಮೊಲಕ್ಕೆ ಕಷ್ಟ ಶುರು, ನಿಮ್ಮಲ್ಲಿ 40 ದಾಟುತ್ತದೆ. ನಮ್ಮ ಹಾಗೆ ಬೆವರುವುದಿಲ್ಲ, ಮೈಯ ಬಿಸಿ ಹೋಗುವುದು ಮುಖ್ಯವಾಗಿ ಕಿವಿಯಿಂದ. ಈಗಾಗಲೇ ಮೊಲ ಇಟ್ಟುಕೊಂಡವರು ಟೆರೇಸಿನ ಕೆಳಗಿನ ರೂಮು ಬಿಟ್ಟು ನೆಲ ಅಂತಸ್ತಿನ ತಂಪು ಮೂಲೆಗೆ ಬನ್ನಿ. ನೀರಿನ ಬಾಟಲಿಯನ್ನು ಫ್ರೀಜರಿನಲ್ಲಿಟ್ಟು ಟವೆಲ್ ಸುತ್ತಿ ಪಕ್ಕದಲ್ಲಿಡಿ, ಒರಗಿಕೊಂಡು ಮಲಗುತ್ತದೆ. ದೊಡ್ಡ ಮಣ್ಣಿನ ಮಡಕೆಯನ್ನು ಅಡ್ಡ ಮಲಗಿಸಿ ಹೊರಮೈಗೆ ನೀರು ಚಿಮುಕಿಸುತ್ತಿದ್ದರೆ ಒಳಗೆ ತಂಪಾಗಿರುತ್ತದೆ, ಅಡಗಲೂ ಆಯಿತು. ನೀರನ್ನು ಬಾಟಲಿಗಿಂತ ಅಗಲ ಬಟ್ಟಲಲ್ಲಿಡಿ, ಜಾಸ್ತಿ ಕುಡಿಯುತ್ತದೆ. ಬಾಯಿ ತೆರೆದು ಏದುಸಿರು ಬಿಟ್ಟರೆ, ಜೊಲ್ಲು ಸುರಿದರೆ, ಮೈ ಚೆಲ್ಲಿ ಬಿದ್ದರೆ ಒದ್ದೆ ಬಟ್ಟೆಯಿಂದ ಕಿವಿ ಒರೆಸುತ್ತಾ ನೇರ ಡಾಕ್ಟರ ಹತ್ತಿರ ಹೋಗಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ.

ಪ್ರಶ್ನೆ: ಶೇಂಗಾ ಹೊಲದಲ್ಲಿ ಕಳೆ ತೆಗೆಯುವಾಗ ಎರಡು ಮೊಲದ ಮರಿ ಸಿಕ್ಕಿವೆ. ತಾಯಿ ಇಲ್ಲ. ಹಸುವಿನ ಹಾಲು ಕುಡಿಸ್ತಾ ಇದ್ದೀವಿ.
– ಚಳ್ಳಕೆರೆ ಕಡೆಯ ರೈತರು

ಉತ್ತರ: ಹಾಲು ನಿಲ್ಲಿಸಿ, ಮರಿಗಳನ್ನು ಇವತ್ತೇ ಸಿಕ್ಕಿದ ಜಾಗಕ್ಕೇ ವಾಪಸ್ ಇಟ್ಟುಬಿಡಿ. ಇವು ಕಾಡುಮೊಲದ ಮರಿಗಳು, ಸಾಕುಮೊಲದ ಜಾತಿಯೇ ಬೇರೆ. ಸಾಕುಮೊಲದ ಮರಿ ಹುಟ್ಟುವಾಗ ಮೈಮೇಲೆ ಕೂದಲಿಲ್ಲ, ಕಣ್ಣು ಬಿಟ್ಟಿರುವುದಿಲ್ಲ. ಕಾಡುಮೊಲದ ಮರಿ ಕೂದಲು ಹೊತ್ತು, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ. ತಾಯಿ ಬಿಟ್ಟುಹೋಗಿಲ್ಲ. ಹಗಲಲ್ಲಿ ತಾನು ಹತ್ತಿರವಿದ್ದರೆ ನರಿ ನಾಯಿಗೆ ಜಾಡು ಸಿಗುತ್ತದೆ ಅಂತ ದೂರ ಇರುತ್ತದೆ, ಕತ್ತಲಾಗುವಾಗ ಬಂದು ಹಾಲು ಕೊಡುತ್ತದೆ. ಮನುಷ್ಯರ ಕೈ ತಾಗಿದರೆ ಸೇರಿಸುವುದಿಲ್ಲ ಎನ್ನುವ ಮಾತಿಗೆ ಹೆದರಬೇಡಿ. ಆ ಸಾಲು ಒಂದೆರಡು ದಿನ ಕಳೆ ತೆಗೆಯದೆ ಬಿಡಿ, ನಾಯಿ ಕಟ್ಟಿಹಾಕಿ. ಗಾಯವಾಗಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ಕಾಡುಮೊಲವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಪ್ರಶ್ನೆ: ಐದು ತಿಂಗಳಿಂದ ನನ್ನ ರೂಮಿನಲ್ಲಿ ಒಂದು ಫಾಸ್ಟರ್ ಮೊಲ ಇದೆ. ಬಂದಾಗ ಸದ್ದಾದರೆ ನಡುಗುತ್ತಿತ್ತು. ಈಗ ಬೀಗ ತೆಗೆಯುವ ಸದ್ದಿಗೇ ಬಾಗಿಲಿಗೆ ಬರುತ್ತದೆ. ಮುಂದಿನ ವಾರ ದತ್ತು ತೆಗೆದುಕೊಳ್ಳುವವರು ಬರುತ್ತಾರೆ. ಇಷ್ಟು ನಂಬಿಸಿ ಬಿಟ್ಟುಕೊಟ್ಟರೆ ಮೋಸ ಮಾಡಿದ ಹಾಗೆ ಅಲ್ವಾ?
– ಬೆಂಗಳೂರು

ಉತ್ತರ: ನಿಮ್ಮ ಸಂಕಟ ನನಗೆ ಗೊತ್ತು. ನಾನು ಪ್ರತಿ ಸಲವೂ ಅತ್ತಿದ್ದೇನೆ. ಆದರೆ ಮೋಸ ಅಲ್ಲ. ಒಬ್ಬ ಮನುಷ್ಯನನ್ನು ನಂಬಲು ಕಲಿತ ಮೊಲಕ್ಕೆ ಎರಡನೆಯವರನ್ನು ನಂಬುವುದು ಅಷ್ಟು ಕಷ್ಟವಲ್ಲ. ಮೊದಲು ಒಂದೆರಡು ವಾರ ಮತ್ತೆ ಅಡಗಿ ಕೂರುತ್ತದೆ, ಅದನ್ನು ಅವರಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ನೀವು ಹೇಳಿದ ಹಾಗಿಲ್ಲ ಎಂದು ವಾಪಸ್ ತರುತ್ತಾರೆ.

ಸಾಧ್ಯವಾದರೆ ನೀವೇ ಅವರ ಮನೆಗೆ ಹೋಗಿಬನ್ನಿ. ಬಾಲ್ಕನಿಗೆ ಜಾಲರಿ ಇದೆಯಾ, ನೆಲದಲ್ಲಿ ವೈರು ಎಳೆದಿದ್ದಾರಾ, ನಾಯಿ ಇದೆಯಾ ನೋಡಿ. ಸಾಕಿದರೆ ಎಂಟು ಹತ್ತು ವರ್ಷ ಬದುಕುವ ಪ್ರಾಣಿ ಎಂದು ಅವರಿಗೆ ಗೊತ್ತಿದೆಯಾ ಕೇಳಿ. ಮಗುವಿನ ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡಲು ಕೇಳುತ್ತಿದ್ದರೆ ನಾನಂತೂ ಕೊಡುವುದಿಲ್ಲ. ದೀಪಾವಳಿ ಹತ್ತಿರ ಇದ್ದರೆ ಪಟಾಕಿ ಮುಗಿಯುವವರೆಗೆ ನಿಮ್ಮಲ್ಲೇ ಇರಲಿ.

ನಿಮ್ಮ ಐದು ತಿಂಗಳನ್ನು ಎರಡು ಪುಟದಲ್ಲಿ ಬರೆದುಕೊಡಿ. ಯಾವ ಸೊಪ್ಪು ಇಷ್ಟ, ಯಾವುದು ಹೊಟ್ಟೆಗೆ ಆಗಲಿಲ್ಲ, ಎಷ್ಟು ಹೊತ್ತಿಗೆ ಏಳುತ್ತದೆ, ಕುಕ್ಕರ್ ಸೀಟಿಗೆ ಹೆದರುತ್ತದಾ, ನೀವು ಯಾವ ಮಾತು ಹೇಳಿ ಒಳಗೆ ಬರುತ್ತೀರಿ, ಹಣೆಯಲ್ಲಿ ಎಲ್ಲಿ ಸವರಿದರೆ ಕಣ್ಣು ಮುಚ್ಚುತ್ತದೆ. ಅದೇ ಹುಲ್ಲು ಒಂದು ತಿಂಗಳಿಗಾಗುವಷ್ಟು ಕಳಿಸಿ. ಅದರ ಡಬ್ಬ, ಬಟ್ಟಲು, ಹುಲ್ಲಿನ ತಟ್ಟೆ ಎಲ್ಲವೂ ಜೊತೆಗೆ ಹೋಗಲಿ. ಹಾಸಿದ ಜಮಖಾನವನ್ನು ಒಗೆಯಬೇಡಿ, ಹಾಗೇ ಮಡಿಸಿ ಕೊಡಿ. ಹೊಸ ಮನೆಯಲ್ಲಿ ಮೊದಲ ರಾತ್ರಿ ಅದಕ್ಕೆ ಗುರುತು ಸಿಗುವುದು ಆ ವಾಸನೆ ಒಂದೇ.